ಮಳೆಯ ಹಳೆಯ ದಫ್ತರ: ಕಾರವಾರದ ಕಡಲಕೆಸರು ಮಾಜಾಳಿಯ ಒಕ್ಕಲಿಗರಿಗೆ ತಿಳಿಸುವದೇನು?

ಕಾರವಾರ ತಾಲೂಕಿನ ಉತ್ತರದ ಅಂಚಿನಲ್ಲಿ, ಗೋವೆಯ ಗಡಿಗೆ ತಾಗಿಕೊಂಡಿರುವ ಮಾಜಾಳಿಯಲ್ಲಿ ಬರಗಾಲದ ಮಾತನ್ನೆತ್ತಿದರೆ ಕೇಳಿದವರು ನಕ್ಕುಬಿಡುವದು ಸಹಜವೇ. ಕಾರವಾರದ ಮೇಲೆ ವರ್ಷಕ್ಕೆ ಸರಾಸರಿ ಸುಮಾರು 3000 ಮಿಲಿಮೀಟರು, ಹಿರಿಯರ ಲೆಕ್ಕದಲ್ಲಿ ಹೇಳುವದಾದರೆ 120 ಅಂಗುಲದಷ್ಟು, ಮಳೆ ಬೀಳುವದು. ವಿಜಾಪುರದ ಒಕ್ಕಲಿಗನಿಗೆ ಇದರ ಕಾಲುಭಾಗ ದೊರೆತರೂ ಸುಭಿಕ್ಷವೆನಿಸೀತು. ಆದರೆ ಈ ನೀರೆಲ್ಲವೂ ಹೆಚ್ಚುಕಡಿಮೆ ನಾಲ್ಕೇ ತಿಂಗಳಲ್ಲಿ ಸುರಿದು ಹೋಗುವದೆಂಬುದನ್ನೂ, ಚಿರೇಕಲ್ಲಿನ ನೆಲವು ಅದನ್ನು ಬಹುಕಾಲ ಹಿಡಿದಿಡಲಾರದೆಂಬುದನ್ನೂ ಮರೆಯತಕ್ಕದ್ದಲ್ಲ.

ಕರಾವಳಿಯ ಬರವು ಘಟ್ಟದ ಮೇಲಿನ ಬರದ ವೇಷದಲ್ಲಿ ಬರುವದಿಲ್ಲ. ಹುಬ್ಬಾ, ಉತ್ತರಾ ಮಳೆಗಳು ಕೈಕೊಟ್ಟರೆ ಮಕ್ಕಿ ಗದ್ದೆಯ ಭತ್ತವು ಹೊಡೆಯೊಡೆಯುವ ಹೊತ್ತಿಗೆ ನೀರಿಲ್ಲದೆ ಜೊಳ್ಳಾಗುವದು. ಮೃಗಶಿರಾ, ಆರ್ದ್ರಾ ಮಳೆಗಳು ಸಾಲದಾದರೆ ಕಾರವಾರ, ಅಂಕೋಲೆಗಳ ಗಜನಿ ಭೂಮಿಯ ಉಪ್ಪು ತೊಳೆದು ಹೋಗದೆ ಸಸಿಯ ಬೇರು ಸುಡುವದು. ಎಲ್ಲಕ್ಕಿಂತಲೂ ಕಠಿಣವಾದದ್ದು ಬಾವಿಯ ಸಂಗತಿ. ಕಡಲಂಚಿನ ಮರಳುನೆಲದಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲಿಕೊಂಡಿರುವದು. ಸಮುದ್ರಮಟ್ಟಕ್ಕಿಂತ ಮೇಲೆ ನಿಂತ ಸಿಹಿನೀರು 1 ಅಡಿ ಇಳಿದರೆ, ಕೆಳಗಿನ ಉಪ್ಪುನೀರು ಸುಮಾರು 40 ಅಡಿ ಮೇಲೇರಲು ಎಡೆಯಾಗುವದೆಂದು ಭೂಜಲಶಾಸ್ತ್ರದ ಲೆಕ್ಕವಿದೆ. ಆದುದರಿಂದ ಒಂದು ವರ್ಷದ ಮಳೆಯ ಕೊರತೆಯು ಮುಂದಿನ ಚೈತ್ರ ವೈಶಾಖಗಳಲ್ಲಿ ತೆಂಗಿನ ಬುಡಕ್ಕೂ ಮನೆಯ ಕೊಡಕ್ಕೂ ಉಪ್ಪಾಗಿ ಬಂದು ಮುಟ್ಟುವದು. 2023ರಲ್ಲಿ ಕರ್ನಾಟಕದ 236 ತಾಲೂಕುಗಳ ಪೈಕಿ 223ನ್ನು ಸರಕಾರವು ಬರಪೀಡಿತವೆಂದು ಸಾರಬೇಕಾಯಿತು. ಮಳೆಯ ನಾಡೆಂಬ ಹೆಸರಿನ ಮೇಲೆಯೇ ಭರವಸೆಯಿಟ್ಟು ಕೂಡ್ರುವ ಕಾಲವು ಇದಲ್ಲ.

ಹಾಗಾದರೆ ಇಂಥ ಕೆಟ್ಟ ವರ್ಷಗಳು ಎಷ್ಟಕ್ಕೊಮ್ಮೆ ಬರುವವು? ಎಷ್ಟು ವರ್ಷ ಬೆನ್ನುಬೆನ್ನಿಗೆ ನಿಲ್ಲುವವು? ಬಾವಿಯನ್ನೆಷ್ಟು ತೋಡಬೇಕು, ಎರಡನೆಯ ಬೆಳೆಗೆ ಕೈಹಾಕಬೇಕೋ ಬಾರದೋ ಎಂಬುದೆಲ್ಲ ಈ ಪ್ರಶ್ನೆಗಳನ್ನೇ ಅವಲಂಬಿಸಿದೆ. ಮುದುಕರನ್ನು ಕೇಳಿದರೆ ಅವರ ನೆನಪು ಅಜ್ಜನ ಕಾಲಕ್ಕೆ ಮುಟ್ಟಿ ನಿಲ್ಲುವದು. ಸರಕಾರದ ಮಳೆಯ ಕಡತಗಳಾದರೂ ಬಹಳ ಹಿಂದಕ್ಕೆ ಹೋಗುವದಿಲ್ಲ. ಭಾರತದ ಹವಾಮಾನ ಖಾತೆ ಸ್ಥಾಪಿತವಾದದ್ದು 1875ರಲ್ಲಿ. ಮುಂದಿನ ವರ್ಷವೇ, 1876ರಲ್ಲಿ, ದಕ್ಷಿಣ ಹಿಂದುಸ್ಥಾನದ ಮಹಾಕ್ಷಾಮವು ಮೊದಲಾಯಿತು, 1899ರಲ್ಲಿ ಮತ್ತೊಂದು. ನೂರೈವತ್ತು ವರ್ಷಗಳ ಲೆಕ್ಕವು ಒಂದು ಮನೆತನಕ್ಕೆ ದೀರ್ಘವಾಗಿ ಕಂಡರೂ ಮಳೆಗಾಲಗಳ ಸ್ವಭಾವವನ್ನರಿಯಲು ಅದು ತೀರ ಚಿಕ್ಕದು.

ಇಲ್ಲಿಯೇ ನಿಸರ್ಗವು ತಾನಾಗಿ ಬರೆದಿಟ್ಟ ದಫ್ತರಗಳ ಪ್ರಯೋಜನವು ಕಂಡುಬರುವದು. ಅವುಗಳಲ್ಲೊಂದು ಮಾಜಾಳಿಯವರ ಕಣ್ಣೆದುರಿನ ಕಡಲಲ್ಲಿಯೇ ಇದೆ. ಗೋವೆಯ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯ ರಾಜೀವ ನಿಗಮ್ ಅವರೂ ಅವರ ಜೊತೆಗಾರರೂ ಕಾರವಾರದೆದುರಿನ ಆಳವಿಲ್ಲದ ಕಡಲಿನ ತಳದಿಂದ ಕೆಸರಿನ ಕಂಬವೊಂದನ್ನು ಎತ್ತಿಸಿ ಪರೀಕ್ಷಿಸಿದರು. ಕೊಳವೆಯನ್ನು ನೆಟ್ಟಗೆ ಇಳಿಸಿ ತೆಗೆದ ಇಂಥ ಕೆಸರಿನಲ್ಲಿ ಕೆಳಗಿನದು ಹಳೆಯದು, ಮೇಲಿನದು ಹೊಸದು. ಮನೆಯ ಕಣಜದಲ್ಲಿ ವರ್ಷವರ್ಷದ ಭತ್ತವನ್ನು ಒಂದರ ಮೇಲೊಂದು ಸುರಿದಂತೆ.

ಆ ಕೆಸರಿನಲ್ಲಿ ಫೊರಾಮಿನಿಫೆರಾ ಎಂಬ ಒಂದೇ ಜೀವಕೋಶದ ಪ್ರಾಣಿಗಳ ಸುಣ್ಣದ ಚಿಪ್ಪುಗಳು ಸಿಕ್ಕುವವು. ಹೆಚ್ಚಿನವು ಮರಳಿನ ಕಣಕ್ಕಿಂತ ದೊಡ್ಡವಲ್ಲ; ಸೂಕ್ಷ್ಮದರ್ಶಕದಿಂದಲೇ ನೋಡಬೇಕು. ಈ ಜೀವಿಯು ಗಂಡುಹೆಣ್ಣಿನ ಕೂಡಿಕೆಯಿಂದ ಹುಟ್ಟಿದ್ದಾದರೆ ಅದರ ಚಿಪ್ಪಿನ ಮೊದಲನೆಯ ಕೋಣೆ ಚಿಕ್ಕದಾಗಿರುವದು. ಕೂಡಿಕೆಯಿಲ್ಲದೆ ತಾಯಿಯೊಂದರಿಂದಲೇ ಒಡೆದು ಹುಟ್ಟಿದ್ದಾದರೆ ದೊಡ್ಡದಾಗಿರುವದು. ಯಾವ ರೀತಿಯ ಹುಟ್ಟು ಹೆಚ್ಚೆಂಬುದು ನೀರಿನ ಉಪ್ಪು, ಬಿಸಿ ಮೊದಲಾದವುಗಳನ್ನು ಅನುಸರಿಸಿ ಬದಲಾಗುವದು. ಜೋಯಿಡೆಯ ಕಡೆಯ ಘಟ್ಟದಲ್ಲಿ ಮಳೆ ಜೋರಾದ ವರ್ಷ ಕಾಳಿ ನದಿಯು ಸದಾಶಿವಗಡದ ಬಳಿ ಕಡಲಿಗೆ ಅಪಾರವಾದ ಸಿಹಿನೀರನ್ನು ತಂದು ಸುರಿಯುವದು. ಮಳೆ ಸೋತ ವರ್ಷ ಕಡಲು ಉಪ್ಪಾಗಿಯೇ ಉಳಿಯುವದು. ಹೀಗೆ ನದಿಯ ಪ್ರವಾಹಕ್ಕೂ ರೊಟಾಲಿಡಿಯಂ ಅನೆಕ್ಟೆನ್ಸ್ ಎಂಬ ಜಾತಿಯ ಚಿಪ್ಪಿನ ಮೊದಲ ಕೋಣೆಯ ಅಳತೆಗೂ ಸಂಬಂಧವಿರುವದನ್ನು ಈ ವಿದ್ವಾಂಸರು ತೋರಿಸಿಕೊಟ್ಟರು. ಘಟ್ಟದ ಮಳೆಯ ಲೆಕ್ಕವನ್ನು ಕಣ್ಣಿಗೆ ಕಾಣದ ಹುಳದ ಚಿಪ್ಪು ಇಟ್ಟುಕೊಂಡು ಬಂದದ್ದು ಸೋಜಿಗವಲ್ಲವೇ!

ಸುಮಾರು ನಾಲ್ಕೂವರೆ ಶತಮಾನಗಳ ಕೆಸರನ್ನು ಹೀಗೆ ಓದಿ, ಬರಗಾಲಗಳು ಸುಮಾರು 77 ವರ್ಷಗಳ ಆವರ್ತದಲ್ಲಿ ಮರಳಿ ಬರುವಂತೆ ಕಾಣುವದೆಂದು ಅವರು 1995ರಲ್ಲಿ ಪ್ರಕಟಿಸಿದರು. ನೂರೈವತ್ತು ವರ್ಷಗಳ ಮಳೆಯ ಕಡತದಲ್ಲಿ ಇಂಥ ಆವರ್ತವು ಎರಡು ಸಲವೂ ಪೂರ್ತಿ ಸುತ್ತುವದಿಲ್ಲ. ಕೆಸರಿನ ದಫ್ತರದಲ್ಲಿಯಾದರೋ ಆರು ಸಲಕ್ಕೆ ಸಮೀಪವಾಗಿ ಸುತ್ತುವದು. ಹಾಗೆಂದು ಯಾರೂ 77ನ್ನು ಪಂಚಾಂಗದ ಅಂಕಿಯೆಂದು ತಿಳಿದು ಬೆರಳು ಮಡಚಿ ಎಣಿಸತೊಡಗಬಾರದು. ಕೆಸರಿನ ಒಂದೊಂದು ತುಂಡಿನಲ್ಲಿಯೂ ಹಲವು ವರ್ಷಗಳು ಬೆರೆತಿರುವವು. ಅದು ದಶಕಗಳ ಏರಿಳಿತವನ್ನು ತಿಳಿಸಬಲ್ಲದೇ ಹೊರತು ಬರುವ ವರ್ಷ ಮಘಾ ಮಳೆ ಹೇಗೆಂಬುದನ್ನಲ್ಲ. ಒಂದೇ ದಫ್ತರದ ಮಾತನ್ನು ಬೇರೊಂದು ಸಾಕ್ಷಿಯಿಲ್ಲದೆ ಪೂರ್ತಿಯಾಗಿ ಒಪ್ಪುವದೂ ಜಾಣತನವಲ್ಲ.

ಬೇರೆ ಸಾಕ್ಷಿಯೂ ಇದೇ ಜಿಲ್ಲೆಯಲ್ಲಿ ದೊರೆತಿದೆ. ಉತ್ತರ ಕನ್ನಡದ ಅಕಲಗವಿಯೊಳಗೆ ತೊಟ್ಟಿಕ್ಕುವ ನೀರಿನಿಂದ ನೆಲದಿಂದ ಮೇಲಕ್ಕೆ ಬೆಳೆದ ಸುಣ್ಣದ ಕಂಬವನ್ನು ಯಾದವ, ರಮೇಶ, ಪಂತ ಎಂಬ ವಿಜ್ಞಾನಿಗಳು ಪರೀಕ್ಷಿಸಿ 2004ರಲ್ಲಿ 331 ವರ್ಷಗಳ ಲೆಕ್ಕವನ್ನು ಪ್ರಕಟಿಸಿದರು. ಆಮ್ಲಜನಕದಲ್ಲಿ ಹಗುರಾದ ಪರಮಾಣುಗಳೂ ಭಾರವಾದವೂ ಇರುವವು. ಈ ಸೀಮೆಯಲ್ಲಿ ಮಳೆ ಧಾರಾಳವಾದ ವರ್ಷಗಳ ನೀರಿನಲ್ಲಿ ಭಾರವಾದವುಗಳ ಪ್ರಮಾಣವು ಕಡಿಮೆ. ಆ ಗುರುತು ಪದರು ಪದರಾಗಿ ಸುಣ್ಣದಲ್ಲಿ ಉಳಿದುಬಿಡುವದು. ಸಾಗುವಾನಿಯೂ ಹೀಗೆಯೇ. ಎಲೆಯುದುರಿಸಿ ಚಿಗುರುವ ಮರವಾದುದರಿಂದ ವರ್ಷಕ್ಕೊಂದು ಬಳೆಯನ್ನು ಸ್ಪಷ್ಟವಾಗಿ ಮೂಡಿಸುವದು. ಕೇರಳದ ಸಾಗುವಾನಿ ಮರಗಳಿಂದ 1481ರಿಂದ 2003ರ ವರೆಗಿನ 523 ವರ್ಷಗಳ ಬಳೆಗಳ ಲೆಕ್ಕವನ್ನು ಸಿದ್ಧಪಡಿಸಲಾಗಿದೆ. ಹಳಿಯಾಳ, ದಾಂಡೇಲಿಗಳ ಅಡವಿಯಲ್ಲಿ ಮುಪ್ಪಾಗಿ ಬಿದ್ದ ಮರದ ಬೊಡ್ಡೆಯನ್ನು ಕೊಯ್ಯುವ ಮುನ್ನ ಅದರ ಅಡ್ಡಕೊಯ್ತದ ಒಂದು ಬಿಲ್ಲೆಯನ್ನಾದರೂ ತೆಗೆದಿರಿಸಿದರೆ ಒಳ್ಳೆಯದೆಂದು ಯಾರಿಗಾದರೂ ತೋರದಿರದು.

ಇನ್ನೊಂದು ಎಚ್ಚರವನ್ನು ಇಲ್ಲಿ ಹೇಳದೆ ಬಿಡುವಂತಿಲ್ಲ. ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳಾದ ಬಳಿಕ ಕಾಳಿಯು ಮಳೆಯ ಮನಸ್ಸಿನಂತೆ ಹರಿಯುವ ನದಿಯಾಗಿ ಉಳಿದಿಲ್ಲ. ವಿದ್ಯುತ್ತಿಗಾಗಿ ನೀರು ಬಿಟ್ಟಂತೆ ಬೇಸಿಗೆಯಲ್ಲಿಯೂ ಹೊಳೆಯು ತುಂಬಿ ಕಂಡೀತು. ಆದ್ದರಿಂದ ಅಣೆಕಟ್ಟಿನ ಮೇಲಿನ ಕಾಲದ ಕೆಸರನ್ನು ಹಿಂದಿನ ಕೆಸರಿನ ಅಳತೆಗೋಲಿನಿಂದಲೇ ಅಳೆಯಲಾಗದು. ಅಲ್ಲದೆ ಹೊಳೆಯಲ್ಲಿ ನೀರಿದೆಯೆಂದು ಮಾಜಾಳಿಯ ಬಾವಿಯಲ್ಲಿಯೂ ನೀರಿದೆಯೆಂದು ತಿಳಿಯುವದು ತಪ್ಪು. ಬಾವಿಗೆ ನೀರೊದಗಿಸುವದು ಊರಿನ ಮೇಲೆ ಬಿದ್ದ ಮಳೆಯೇ.

ಇವೆಲ್ಲವುಗಳಿಂದ ಒಕ್ಕಲಿಗನಿಗೆ ಆಗುವ ಉಪಯೋಗವೇನೆಂದರೆ, ತಾನು ಕಂಡ ಅತಿ ಕೆಟ್ಟ ವರ್ಷವೇ ಕೊನೆಯ ಮಿತಿಯಲ್ಲವೆಂದು ಅರಿತು ಏರ್ಪಾಡು ಮಾಡಿಕೊಳ್ಳುವದು. ಮಕ್ಕಿ ಗದ್ದೆಗಳಿಗೆ ಬೇಗನೆ ಮಾಗುವ ಭತ್ತದ ತಳಿಯನ್ನು ಆರಿಸತಕ್ಕದ್ದು. ಮಳೆಗಾಲ ಮುಗಿಯುತ್ತಲೇ ಹಳ್ಳಗಳಿಗೆ ಒಡ್ಡು ಕಟ್ಟಿ ನೀರು ನಿಲ್ಲಿಸತಕ್ಕದ್ದು. ಬಾವಿಯನ್ನು ಆಳ ಮಾಡುವದಕ್ಕಿಂತ ಅಗಲ ಮಾಡಿ, ಒಮ್ಮೆಲೆ ಬರಿದಾಗುವಂತೆ ಯಂತ್ರದಿಂದ ಎತ್ತದೆ ಸ್ವಲ್ಪಸ್ವಲ್ಪವಾಗಿ ಬಳಸುವದು ಕಡಲಂಚಿನಲ್ಲಿ ಹೆಚ್ಚು ಕ್ಷೇಮಕರ.

ಖರ್ಚಿಲ್ಲದ ಒಂದು ಕೆಲಸವನ್ನು ಪ್ರತಿಯೊಬ್ಬರೂ ಈ ವರ್ಷವೇ ಮೊದಲು ಮಾಡಬಹುದು. ಬಾವಿಯ ಒಳಗೋಡೆಯ ಮೇಲೆ ಗಟ್ಟಿ ಬಣ್ಣದಿಂದ ಅಡಿಗಳ ಗುರುತು ಹಾಕಿ, ಪ್ರತಿ ಮಳೆ ನಕ್ಷತ್ರದ ಮೊದಲ ದಿನವೂ, ಬೇಸಿಗೆಯಲ್ಲಿ ಪ್ರತಿ ಅಮಾವಾಸ್ಯೆಯಂದೂ, ನೀರಿನ ಮಟ್ಟವನ್ನೂ ರುಚಿಯು ಸಿಹಿಯೋ ಸವಳೋ ಎಂಬುದನ್ನೂ ವಹಿಯಲ್ಲಿ ಬರೆದಿಡುವದು. ಮುಂಜಾನೆ, ನೀರು ಸೇದುವದಕ್ಕೆ ಮುಂಚೆಯೇ ನೋಡಿ ಬರೆಯಬೇಕು. ಸೇದಿದ ಮೇಲೆ ಬರೆದ ಅಂಕಿಯು ಉಪಯೋಗಕ್ಕೆ ಬಾರದು.