ಬೂದಿ ಮುಚ್ಚಿದ ಕೆಂಡ: ಪ್ರಾಣಿಗಳ ನರಮಂಡಲದಲ್ಲಿ ಹುದುಗಿರುವ ಹರ್ಪಿಸ್ ವೈರಸ್

ಜ್ವರ ಬಂದು ಇಳಿಯುವ ಹೊತ್ತಿಗೆ ಕೆಲವರ ತುಟಿಯಂಚಿನಲ್ಲಿ ನೀರು ತುಂಬಿದ ಸಣ್ಣ ಗುಳ್ಳೆಗಳ ಗೊಂಚಲೊಂದು ಏಳುವುದನ್ನು ನಾವೆಲ್ಲರೂ ಕಂಡಿದ್ದೇವೆ. ನಾಲ್ಕಾರು ದಿನ ಉರಿದು, ಒಡೆದು, ಹಕ್ಕಳೆ ಕಟ್ಟಿ, ಕೊನೆಗೆ ಗುರುತೂ ಉಳಿಯದಂತೆ ಅದು ಮಾಯುತ್ತದೆ. ಆದರೆ ವಿಷಯ ಅಲ್ಲಿಗೆ ಮುಗಿಯುವುದಿಲ್ಲ. ಆರು ತಿಂಗಳ ಬಳಿಕವೋ ವರ್ಷದ ಬಳಿಕವೋ, ಮತ್ತೊಂದು ಜ್ವರ ಬಂದಾಗ, ಬಿಸಿಲಿನಲ್ಲಿ ಬಹಳ ಅಲೆದಾಗ, ಇಲ್ಲವೆ ಪರೀಕ್ಷೆಯ ಚಿಂತೆಯಲ್ಲಿ ನಿದ್ದೆಗೆಟ್ಟಾಗ, ಅದೇ ತುಟಿಯ ಅದೇ ಎಡೆಯಲ್ಲಿ ಅದೇ ಬಗೆಯ ಗುಳ್ಳೆಗಳು ಮರಳಿ ತಲೆಯೆತ್ತುತ್ತವೆ. ಹೊರಗಿನಿಂದ ಹೊಸದಾಗಿ ಸೋಂಕು ತಗುಲಿದುದಕ್ಕೆ ಯಾವ ಕುರುಹೂ ಇರುವುದಿಲ್ಲ. ಹಾಗಾದರೆ ನಡುವಣ ಅಷ್ಟು ಕಾಲ ಈ ರೋಗದ ಬೀಜವು ಎಲ್ಲಿದ್ದಿತು?

ಈ ಪ್ರಶ್ನೆಗೆ ಖಚಿತವಾದ ಉತ್ತರ ದೊರೆಯಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಉತ್ತರ ದೊರೆತದ್ದು ತುಟಿಯಲ್ಲಲ್ಲ, ರಕ್ತದಲ್ಲಿಯೂ ಅಲ್ಲ. ಮೊಲ, ಇಲಿ ಮೊದಲಾದ ಪ್ರಾಣಿಗಳ ನರಗಳಲ್ಲಿ ಮತ್ತು ಮಿದುಳಿನಲ್ಲಿ.

ಹೆಸರು ಮತ್ತು ಸ್ವರೂಪ

ಈ ಗುಳ್ಳೆಗಳಿಗೆ ಕಾರಣವಾದುದು ಹರ್ಪಿಸ್ ಸಿಂಪ್ಲೆಕ್ಸ್ ಎಂಬ ವೈರಸ್. ಹರ್ಪಿಸ್ ಎಂಬುದು ಗ್ರೀಕ್ ಮೂಲದ ಮಾತು. ತೆವಳು, ಹರಿದಾಡು ಎಂದು ಅದರ ಅರ್ಥ. ಸಂಸ್ಕೃತದ 'ಸರ್ಪ' ಶಬ್ದವೂ ಇದೇ ಮೂಲಧಾತುವಿನಿಂದ ಹುಟ್ಟಿದುದೆಂದು ಭಾಷಾಶಾಸ್ತ್ರಜ್ಞರು ತಿಳಿಸುತ್ತಾರೆ. ನಮ್ಮಲ್ಲಿ 'ಸರ್ಪಸುತ್ತು' ಎಂದು ಕರೆಯುವ ಬೇನೆಯೂ ಇದೇ ಮನೆತನದ ಮತ್ತೊಂದು ವೈರಸ್ಸಿನಿಂದ ಬರುವುದೆಂಬುದನ್ನು ನೆನೆದರೆ, ಹೆಸರಿಟ್ಟ ಎರಡು ನಾಡಿನ ಜನರ ಕಣ್ಣಿಗೂ ಒಂದೇ ಚಿತ್ರ ಕಂಡಿತೆಂದು ಹೇಳಬೇಕಾಗುತ್ತದೆ. ಬಾಲ್ಯದಲ್ಲಿ ಸೀತಾಳೆ ಸಿಡುಬನ್ನು ತಂದ ವೈರಸ್ಸೇ ಹತ್ತಾರು ವರ್ಷ ನರಗಳಲ್ಲಿ ಅಡಗಿದ್ದು, ಮುಪ್ಪಿನಲ್ಲಿ ಸರ್ಪಸುತ್ತಾಗಿ ಹೊರಬೀಳುತ್ತದೆ.

ಹರ್ಪಿಸ್ ಮನೆತನದಲ್ಲಿ ನೂರಕ್ಕೂ ಮಿಕ್ಕ ವೈರಸ್ಸುಗಳಿವೆ. ಮನುಷ್ಯ, ಕೋತಿ, ದನ, ಕುದುರೆ, ಹಂದಿ, ಆನೆ, ಕೋಳಿ ಹೀಗೆ ಒಂದೊಂದು ಬಗೆಯ ಪ್ರಾಣಿಗೂ ಅದರದೇ ಆದ ಹರ್ಪಿಸ್ ವೈರಸ್ಸುಗಳುಂಟು. ಇವುಗಳಲ್ಲಿ ಕೆಲವು ಬಿಳಿಯ ರಕ್ತಕಣಗಳಲ್ಲಿ ಬೀಡುಬಿಡುತ್ತವೆ. ನಾವು ಇಲ್ಲಿ ವಿವೇಚಿಸುವ ಗುಂಪಿನವು ನರಕೋಶಗಳನ್ನು ಆರಿಸಿಕೊಂಡಿವೆ. ಹರ್ಪಿಸ್ ಸಿಂಪ್ಲೆಕ್ಸ್ ವೈರಸ್ಸಿನ ಒಂದು ಕಣದ ಅಡ್ಡಳತೆ ಮಿಲಿಮೀಟರಿನ ೫,೦೦೦ದಲ್ಲಿ ಒಂದು ಪಾಲು. ಅದರ ನಡುವೆ ೨೦ ಮುಖಗಳುಳ್ಳ ಪ್ರೋಟೀನಿನ ಚಿಪ್ಪು, ಚಿಪ್ಪಿನೊಳಗೆ ಡಿ.ಎನ್.ಎ.ಯ ಉದ್ದನೆಯ ಎಳೆ. ಹೊರಗೆ ಕೊಬ್ಬಿನ ತೆಳುವಾದ ಹೊದಿಕೆ. ಆ ಎಳೆಯಲ್ಲಿ ಸುಮಾರು ೧,೫೨,೦೦೦ ಜೋಡಿ ಅಕ್ಷರಗಳಿದ್ದು, ವೈರಸ್ಸಿನ ಬಾಳಿಗೆ ಬೇಕಾದ ಸೂಚನೆಗಳೆಲ್ಲವೂ ಅದರಲ್ಲಿ ಅಡಕವಾಗಿವೆ.

ಮೊಲದ ಕಣ್ಣಿನಿಂದ ಮಿದುಳಿಗೆ

೨೦ನೆಯ ಶತಮಾನದ ಆದಿಯಲ್ಲಿ ಜರ್ಮನಿಯ ನೇತ್ರವೈದ್ಯ ವಿಲ್‌ಹೆಲ್ಮ್ ಗ್ರೂಟರ್ ಎಂಬಾತನು, ಹರ್ಪಿಸ್ ತಗುಲಿದ ರೋಗಿಯ ಕಣ್ಣಿನಿಂದ ತೆಗೆದ ದ್ರವವನ್ನು ಮೊಲದ ಕಣ್ಣಿನ ಕಾರ್ನಿಯಕ್ಕೆ ಸೋಕಿಸಿ, ಅಲ್ಲಿ ರೋಗವನ್ನು ಉಂಟುಮಾಡಿದನು. ೧೯೨೦ರ ವೇಳೆಗೆ ಸ್ವಿಟ್ಜರ್ಲೆಂಡಿನಲ್ಲಿ ಡೋರ್ ಮತ್ತು ಅವನ ಸಂಗಡಿಗರು ಇನ್ನೊಂದು ಸಂಗತಿಯನ್ನು ಗಮನಿಸಿದರು. ಕಣ್ಣಿಗೆ ಮಾತ್ರ ಸೋಂಕು ತಗುಲಿಸಿದ ಮೊಲಗಳಲ್ಲಿ ಕೆಲವು, ದಿನಗಳು ಕಳೆದಂತೆ ಸುತ್ತತೊಡಗಿ, ಸೆಳವು ಬಂದು, ಮಿದುಳಿನ ಉರಿಯೂತದಿಂದ ಸಾಯುತ್ತಿದ್ದವು. ಕಣ್ಣಿನಲ್ಲಿದ್ದ ವೈರಸ್ ಮಿದುಳನ್ನು ಹೇಗೆ ತಲುಪಿತು?

೧೯೨೩ರಲ್ಲಿ ಅಮೆರಿಕದ ಅರ್ನೆಸ್ಟ್ ಗುಡ್‌ಪಾಶ್ಚರ್ ಮತ್ತು ಟೀಗ್ ಎಂಬವರು ಇದಕ್ಕೆ ಉತ್ತರ ಕೊಟ್ಟರು. ವೈರಸ್ ನರಗಳ ಹಾದಿಯನ್ನೇ ಹಿಡಿದು ಒಳಸಾಗುತ್ತದೆ. ಯಾವ ಎಡೆಯಲ್ಲಿ ಸೋಂಕು ತಗುಲಿತೋ ಆ ಎಡೆಯ ನರವು ಮಿದುಳಿನ ಯಾವ ಭಾಗಕ್ಕೆ ಸೇರುವುದೋ ಅಲ್ಲಿಯೇ ಮೊದಲ ಗಾಯಗಳು ಕಾಣುತ್ತವೆ ಎಂದು ಅವರು ತೋರಿಸಿದರು. ಮುಖ, ಕಣ್ಣು, ತುಟಿಗಳ ಸ್ಪರ್ಶಜ್ಞಾನವನ್ನು ಮಿದುಳಿಗೆ ಒಯ್ಯುವುದು ತ್ರಿಶಾಖಾ ನರ. ಇದರ ನರಕೋಶಗಳು ತಲೆಬುರುಡೆಯ ತಳದಲ್ಲಿ ಒಂದು ಗಂಟಿನಂತೆ ಒಟ್ಟುಗೂಡಿವೆ. ಈ ನರಗಂಟಿನ ಪ್ರತಿಯೊಂದು ಕೋಶದಿಂದಲೂ ಒಂದು ತಂತು ಚರ್ಮದ ಕಡೆಗೆ, ಇನ್ನೊಂದು ತಂತು ಮಿದುಳಿನ ಕಾಂಡದ ಕಡೆಗೆ ಹೋಗುತ್ತದೆ. ಒಂದು ಬಾಗಿಲು ಬೀದಿಗೆ, ಮತ್ತೊಂದು ಬಾಗಿಲು ಒಳಮನೆಗೆ ತೆರೆದಿರುವ ನಡುಮನೆಯಂತೆ ಅದು.

೧೯೨೯ರಲ್ಲಿ ಗುಡ್‌ಪಾಶ್ಚರನು ಒಂದು ಹೆಜ್ಜೆ ಮುಂದೆ ಹೋಗಿ, ಎರಡು ಕಾಯಿಲೆಗಳ ನಡುವೆ ವೈರಸ್ ಅಡಗಿರುವುದು ಈ ನರಗಂಟಿನಲ್ಲಿಯೇ ಇರಬೇಕೆಂದು ಊಹಿಸಿದನು. ಆ ಊಹೆಗೆ ಆಧಾರವಿಲ್ಲದಿರಲಿಲ್ಲ. ತ್ರಿಶಾಖಾ ನರದ ತಾಳಲಾರದ ನೋವಿಗೆ ಶಸ್ತ್ರಚಿಕಿತ್ಸೆ ಮಾಡುತ್ತಿದ್ದ ಹಾರ್ವೆ ಕುಷಿಂಗನು, ಚಿಕಿತ್ಸೆಯಾದ ಕೆಲವು ದಿನಗಳಲ್ಲಿ ರೋಗಿಗಳ ಮುಖದ ಮೇಲೆ ಹರ್ಪಿಸ್ ಗುಳ್ಳೆಗಳು ಏಳುವುದನ್ನೂ, ನರದ ಸಂಬಂಧ ಪೂರ್ಣವಾಗಿ ಕಡಿದುಹೋದ ಚರ್ಮದಲ್ಲಿ ಮಾತ್ರ ಅವು ಏಳದಿರುವುದನ್ನೂ ಅದಕ್ಕೆ ಮೊದಲೇ ಕಂಡಿದ್ದನು.

ಅಡಗುದಾಣದ ಪತ್ತೆ

ಊಹೆ ಬೇರೆ, ಪ್ರಮಾಣ ಬೇರೆ. ೧೯೪೮ರಲ್ಲಿ ರಾಬರ್ಟ್ ಗುಡ್ ಮತ್ತು ಕ್ಯಾಂಬೆಲ್ ಎಂಬ ಸಂಶೋಧಕರು ಒಂದು ಮುಖ್ಯವಾದ ಪ್ರಯೋಗವನ್ನು ಪ್ರಕಟಿಸಿದರು. ಹರ್ಪಿಸ್ ಸೋಂಕಿನಿಂದ ಪಾರಾಗಿ ಆರೋಗ್ಯವಾಗಿದ್ದ ಮೊಲಗಳಿಗೆ, ಅವುಗಳ ದೇಹಕ್ಕೆ ಒಗ್ಗದ ಪ್ರೋಟೀನಿನಿಂದ ತೀವ್ರವಾದ ಆಘಾತವನ್ನು ಉಂಟುಮಾಡಿದಾಗ, ಕೆಲವು ಮೊಲಗಳಲ್ಲಿ ಮಿದುಳಿನ ಉರಿಯೂತ ಮರಳಿ ಕಾಣಿಸಿಕೊಂಡಿತು. ಹೊಸ ಸೋಂಕನ್ನು ಯಾರೂ ತಗುಲಿಸಿರಲಿಲ್ಲ. ಬೂದಿ ಮುಚ್ಚಿದ ಕೆಂಡದಂತೆ ವೈರಸ್ ಒಳಗೆಲ್ಲೋ ಉಳಿದಿದ್ದಿತು. ಗಾಳಿ ಬೀಸಿದೊಡನೆ ಹೊತ್ತಿಕೊಂಡಿತು.

ನಿರ್ಣಾಯಕವಾದ ಪ್ರಯೋಗ ನಡೆದುದು ೧೯೭೧ರಲ್ಲಿ. ಅಮೆರಿಕದ ಜಾಕ್ ಸ್ಟೀವನ್ಸ್ ಮತ್ತು ಮಾರ್ಜರಿ ಕುಕ್ ಎಂಬವರು ಇಲಿಗಳ ಹಿಂಗಾಲಿನ ಅಂಗಾಲಿಗೆ ವೈರಸ್ಸನ್ನು ಚುಚ್ಚಿದರು. ಬದುಕುಳಿದ ಇಲಿಗಳು ಗುಣಹೊಂದಿ ವಾರಗಳು ಕಳೆದ ಬಳಿಕ, ಬೆನ್ನುಹುರಿಯ ಪಕ್ಕದ ನರಗಂಟುಗಳನ್ನು ಹೊರತೆಗೆದರು. ಅವುಗಳನ್ನು ಅರೆದು ಪರೀಕ್ಷಿಸಿದಾಗ ವೈರಸ್ ಸಿಕ್ಕಲಿಲ್ಲ. ಆದರೆ ಅವುಗಳನ್ನೇ ಅರೆಯದೆ, ಪೋಷಕ ದ್ರವದಲ್ಲಿ ಕೆಲವು ದಿನ ಜೀವಂತವಾಗಿ ಇರಿಸಿದಾಗ, ಸೋಂಕು ತರಬಲ್ಲ ವೈರಸ್ಸುಗಳು ಹೊರಬಂದವು. ಇದರ ಅರ್ಥವನ್ನು ಓದುಗರು ಗಮನಿಸಬೇಕು. ನರಗಂಟಿನಲ್ಲಿ ಪೂರ್ಣರೂಪದ ವೈರಸ್ ಇದ್ದಿದ್ದರೆ ಅರೆದಾಗಲೂ ಸಿಕ್ಕಬೇಕಾಗಿತ್ತು. ಅಲ್ಲಿದ್ದುದು ವೈರಸ್ಸಿನ ದೇಹವಲ್ಲ, ಅದನ್ನು ಮತ್ತೆ ಕಟ್ಟಿಕೊಳ್ಳಲು ಬೇಕಾದ ಸೂಚನೆ ಮಾತ್ರ. ಸ್ವಲ್ಪ ಕಾಲದಲ್ಲಿಯೇ ಮನುಷ್ಯರ ತ್ರಿಶಾಖಾ ನರಗಂಟುಗಳಿಂದಲೂ ಇದೇ ವಿಧಾನದಿಂದ ವೈರಸ್ಸನ್ನು ಹೊರತರಲಾಯಿತು. ಗುಡ್‌ಪಾಶ್ಚರನ ಊಹೆ ೪೦ ವರ್ಷಗಳ ಬಳಿಕ ನಿಜವಾಯಿತು.

ಮಿದುಳಿನಲ್ಲಿಯೂ ಉಂಟೆ?

ನರಗಂಟಿನಿಂದ ಮಿದುಳಿನ ಕಾಂಡಕ್ಕೆ ದಾರಿ ತೆರೆದಿರುವಾಗ ವೈರಸ್ ನಡುಮನೆಯಲ್ಲಿಯೇ ನಿಲ್ಲುವುದೇಕೆ? ಈ ಶಂಕೆ ಸಹಜವಾಗಿಯೇ ಹುಟ್ಟಿತು. ೧೯೮೦ರ ದಶಕದ ಆದಿಯಲ್ಲಿ, ಡಿ.ಎನ್.ಎ.ಯನ್ನು ಗುರುತಿಸುವ ಸೂಕ್ಷ್ಮವಾದ ವಿಧಾನಗಳು ಕೈಗೆ ಬಂದಾಗ, ಸೋಂಕಿನಿಂದ ಪಾರಾಗಿ ಆರೋಗ್ಯವಾಗಿದ್ದ ಇಲಿಗಳ ಮಿದುಳನ್ನು ಪರೀಕ್ಷಿಸಿದರು. ೧೯೮೩ರಲ್ಲಿ ಡೇನಿಯಲ್ ರಾಕ್ ಮತ್ತು ನೈಜೆಲ್ ಫ್ರೇಸರ್ ಪ್ರಕಟಿಸಿದ ಲೇಖನ ಇವುಗಳಲ್ಲಿ ಪ್ರಸಿದ್ಧವಾದುದು. ಮಿದುಳಿನ ಕಾಂಡದಲ್ಲಿ ವೈರಸ್ಸಿನ ಡಿ.ಎನ್.ಎ. ನಿಶ್ಚಯವಾಗಿಯೂ ಇದ್ದಿತು. ಆದರೆ ವಿಚಿತ್ರವೆಂದರೆ, ನರಗಂಟಿನ ತುಂಡಿನಿಂದ ವೈರಸ್ ಎದ್ದುಬರುವಂತೆ ಮಿದುಳಿನ ತುಂಡಿನಿಂದ ಅದು ಸುಲಭವಾಗಿ ಎದ್ದುಬರಲಿಲ್ಲ. ಮಿದುಳಿನಲ್ಲಿ ಅದರ ನಿದ್ದೆ ಇನ್ನೂ ಗಾಢವೆಂಬಂತೆ ತೋರುತ್ತದೆ.

ನಿದ್ದೆ ಮತ್ತು ಎಚ್ಚರ

ಈ ನಿದ್ದೆಯ ಬಗೆಯೇನು? ಚರ್ಮದ ಕೋಶವನ್ನು ಹೊಕ್ಕ ವೈರಸ್ ಕೆಲವೇ ಗಂಟೆಗಳಲ್ಲಿ ತನ್ನಂತಹ ಸಾವಿರಾರು ಕಣಗಳನ್ನು ಮಾಡಿಕೊಂಡು ಆ ಕೋಶವನ್ನು ಕೊಲ್ಲುತ್ತದೆ. ನರಕೋಶದಲ್ಲಿ ಬೇರೆ ಕ್ರಮ. ನರದ ತುದಿಯನ್ನು ಹೊಕ್ಕ ಚಿಪ್ಪು, ಕೋಶದೊಳಗಿನ ಸಾಗಾಣಿಕೆಯ ಏರ್ಪಾಡನ್ನೇ ಬಳಸಿಕೊಂಡು ಕೋಶಕೇಂದ್ರವನ್ನು ಮುಟ್ಟಿ, ತನ್ನ ಡಿ.ಎನ್.ಎ.ಯನ್ನು ಒಳಗೆ ಬಿಡುತ್ತದೆ. ಆ ಎಳೆಯು ಬಳೆಯಂತೆ ಸುತ್ತಿಕೊಂಡು, ನರಕೋಶದ ಸ್ವಂತ ಪ್ರೋಟೀನುಗಳಿಂದ ಬಿಗಿಯಾಗಿ ಸುತ್ತಲ್ಪಟ್ಟು ಮೌನವಾಗುತ್ತದೆ. ೧೯೮೭ರಲ್ಲಿ ತಿಳಿದುಬಂದಂತೆ, ಈ ಸ್ಥಿತಿಯಲ್ಲಿ ಅದರ ಒಂದು ಭಾಗ ಮಾತ್ರ ಹೇರಳವಾಗಿ ಆರ್.ಎನ್.ಎ.ಯನ್ನು ತಯಾರಿಸುತ್ತಿರುತ್ತದೆ. ವೈರಸ್ಸಿನ ನಿದ್ದೆಯನ್ನು ಕಾಯುವುದರಲ್ಲಿ ಇದರ ಕೈವಾಡವುಂಟೆಂದು ಎಣಿಸಲಾಗಿದೆ.

ನರಕೋಶಗಳು ವಿಭಜನೆ ಹೊಂದುವುದಿಲ್ಲ. ಪ್ರಾಣಿಯು ಬದುಕಿರುವಷ್ಟು ಕಾಲವೂ ಅವು ಬಾಳುತ್ತವೆ. ಬಾಡಿಗೆದಾರನಿಗೆ ಇದಕ್ಕಿಂತ ಭದ್ರವಾದ ಮನೆ ದೊರೆಯದು. ದೇಹದ ರಕ್ಷಣಾವ್ಯವಸ್ಥೆಗಾದರೋ ಇಕ್ಕಟ್ಟಿನ ಸ್ಥಿತಿ: ಸೋಂಕು ತಗುಲಿದ ನರಕೋಶವನ್ನು ಕೊಂದರೆ ಅದನ್ನು ಮತ್ತೆ ಪಡೆಯುವಂತಿಲ್ಲ. ಆದುದರಿಂದ ಇಲಿಗಳ ನರಗಂಟುಗಳಲ್ಲಿ ಬಿಳಿಯ ರಕ್ತಕಣಗಳು ನರಕೋಶಗಳ ಸುತ್ತ ಕಾವಲು ನಿಂತು, ವೈರಸ್ ತಲೆಯೆತ್ತಲು ಯತ್ನಿಸಿದಾಗ ಕೋಶವನ್ನು ಕೊಲ್ಲದೆ ವೈರಸ್ಸನ್ನು ಮಾತ್ರ ಅಡಗಿಸುತ್ತವೆ. ಕಾವಲು ಸಡಿಲವಾದಾಗ, ಇಲ್ಲವೆ ನರಕೋಶವೇ ತತ್ತರಿಸಿದಾಗ, ನಿದ್ದೆ ಹರಿಯುತ್ತದೆ. ಸೋಂಕುಳ್ಳ ಇಲಿಗಳನ್ನು ೪೩ ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನಲ್ಲಿ ೧೦ ನಿಮಿಷ ಇರಿಸಿದರೆ, ಒಂದು ದಿನದೊಳಗೆ ಕೆಲವು ನರಕೋಶಗಳಲ್ಲಿ ವೈರಸ್ ಎಚ್ಚರಗೊಳ್ಳುವುದೆಂದು ೧೯೯೨ರಲ್ಲಿ ತೋರಿಸಲಾಯಿತು. ಜ್ವರ ಬಂದಾಗ ನಮ್ಮ ತುಟಿಯಲ್ಲಿ ಗುಳ್ಳೆ ಏಳುವುದೇಕೆಂಬುದು ಇದರಿಂದ ತಕ್ಕಮಟ್ಟಿಗೆ ಅರ್ಥವಾಗುತ್ತದೆ. ದನಗಳ ಹರ್ಪಿಸ್ ವೈರಸ್ಸನ್ನೂ ಡೆಕ್ಸಾಮೆತಸೋನ್ ಎಂಬ ಔಷಧಿಯಿಂದ ಹೀಗೆಯೇ ಎಬ್ಬಿಸಬಹುದು. ನೋಡಲು ಆರೋಗ್ಯವಾಗಿರುವ ಒಂದು ಹಸು ಇಡೀ ಹಟ್ಟಿಗೆ ಸೋಂಕು ಹರಡುವುದು ಸಾಧ್ಯವಾಗುವುದು ಇದರಿಂದಲೇ.

ಸ್ವಂತ ಮನೆ, ಪರರ ಮನೆ

ತನ್ನ ಸ್ವಾಭಾವಿಕ ಆಶ್ರಯದಾತನಲ್ಲಿ ಹರ್ಪಿಸ್ ವೈರಸ್ ಸಾಮಾನ್ಯವಾಗಿ ಸಭ್ಯವಾಗಿ ನಡೆದುಕೊಳ್ಳುತ್ತದೆ; ಆತನನ್ನು ಕೊಂದರೆ ತನಗೂ ಉಳಿಗಾಲವಿಲ್ಲ. ಬೇರೆ ಪ್ರಾಣಿಯನ್ನು ಹೊಕ್ಕಾಗ ಈ ಸಭ್ಯತೆ ಉಳಿಯುವುದಿಲ್ಲ. ೧೯೦೨ರಲ್ಲಿ ಹಂಗರಿಯ ಆಲಾದಾರ್ ಔಯೆಸ್ಕಿ ಎಂಬಾತನು, ಹುಚ್ಚುನಾಯಿ ರೋಗವನ್ನು ಹೋಲುವ ಆದರೆ ಅದಲ್ಲದ ಒಂದು ಬೇನೆಯನ್ನು ವರ್ಣಿಸಿದನು. ಅದಕ್ಕೆ ಕಾರಣವಾದ ಹರ್ಪಿಸ್ ವೈರಸ್ಸಿನ ತವರು ಹಂದಿ. ಬೆಳೆದ ಹಂದಿ ಬಹುಮಟ್ಟಿಗೆ ಚೇತರಿಸಿಕೊಂಡು, ವೈರಸ್ಸನ್ನು ನರಗಂಟಿನಲ್ಲಿ ಹೊತ್ತು ತಿರುಗುತ್ತದೆ. ಅದೇ ವೈರಸ್ ದನಕ್ಕೋ ನಾಯಿಗೋ ಬೆಕ್ಕಿಗೋ ತಗುಲಿದರೆ, ತಾಳಲಾರದ ತುರಿಕೆಯಿಂದ ಪ್ರಾಣಿಯು ತನ್ನ ಮೈಯನ್ನೇ ಕಚ್ಚಿಕೊಂಡು ಕೆಲವೇ ದಿನಗಳಲ್ಲಿ ಸಾಯುತ್ತದೆ. ಈ ವೈರಸ್ಸಿನ ಸೌಮ್ಯಗೊಳಿಸಿದ ಒಂದು ತಳಿಯನ್ನು ನರವಿಜ್ಞಾನಿಗಳು ಇಂದು ಮಿದುಳಿನ ನಕ್ಷೆ ಬರೆಯಲು ಬಳಸುತ್ತಾರೆ. ಒಂದು ನರಕೋಶದಿಂದ ಅದರೊಡನೆ ಕೂಡಿಕೊಂಡ ಮುಂದಿನ ನರಕೋಶಕ್ಕೆ ಅದು ದಾಟುತ್ತ ಹೋಗುವುದರಿಂದ, ಯಾವುದು ಯಾವುದಕ್ಕೆ ಸೇರಿದೆಯೆಂಬುದು ಕಾಣಬರುತ್ತದೆ.

೧೯೩೨ರಲ್ಲಿ ಅಮೆರಿಕದ ಒಬ್ಬ ತರುಣ ವೈದ್ಯನನ್ನು, ಆರೋಗ್ಯವಾಗಿ ಕಾಣುತ್ತಿದ್ದ ಒಂದು ಕೋತಿ ಕಚ್ಚಿತು. ಮಿದುಳು, ಬೆನ್ನುಹುರಿಗಳ ಉರಿಯೂತದಿಂದ ಆತನು ತೀರಿಕೊಂಡನು. ಮುಂದೆ ಪೋಲಿಯೋ ಲಸಿಕೆಯಿಂದ ಹೆಸರಾದ ಆಲ್ಬರ್ಟ್ ಸೇಬಿನ್, ರೈಟ್ ಎಂಬವನೊಡನೆ ಸೇರಿ ೧೯೩೪ರಲ್ಲಿ ಅದರ ಕಾರಣವನ್ನು ವಿವರಿಸಿದನು. ಅದೇ 'ಬಿ' ವೈರಸ್. ಮಕಾಕ ಕುಲದ ಕೋತಿಗಳಲ್ಲಿ ಅದು ಸೌಮ್ಯವಾದ ಸುಪ್ತ ಸೋಂಕು. ಚಿಕಿತ್ಸೆಯಿಲ್ಲದ ಮನುಷ್ಯರಲ್ಲಿ ಹತ್ತರಲ್ಲಿ ಏಳೆಂಟು ಮಂದಿಯನ್ನು ಕೊಲ್ಲುವ ಮಾರಿ. ನಮ್ಮ ಊರುಗಳಲ್ಲಿ ಸಂಚರಿಸುವ ಕಪಿಗಳೂ ಇದೇ ಕುಲದವು. ಮನುಷ್ಯರಿಗೆ ಈ ಸೋಂಕು ತಗುಲಿದ ಸಂದರ್ಭಗಳು ಅತಿ ವಿರಳ. ಅವೂ ಬಹುಮಟ್ಟಿಗೆ ಪ್ರಯೋಗಾಲಯಗಳಲ್ಲಿ ದುಡಿಯುವವರಲ್ಲಿ ಕಂಡವು. ಆದರೂ ಕೋತಿ ಕಚ್ಚಿದಾಗ ಗಾಯವನ್ನು ಸೋಪುನೀರಿನಿಂದ ೧೫ ನಿಮಿಷ ಚೆನ್ನಾಗಿ ತೊಳೆದು, ಕೂಡಲೇ ವೈದ್ಯರನ್ನು ಕಾಣುವುದು ವಿವೇಕ.

ಮನುಷ್ಯನ ಪಾಲಿಗೆ

ಪ್ರಪಂಚದಲ್ಲಿ ೫೦ ವರ್ಷದೊಳಗಿನ ಜನರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಮಂದಿ ಹರ್ಪಿಸ್ ಸಿಂಪ್ಲೆಕ್ಸಿನ ಮೊದಲನೆಯ ಬಗೆಯನ್ನು ಹೊತ್ತಿದ್ದಾರೆಂದು ವಿಶ್ವ ಆರೋಗ್ಯ ಸಂಸ್ಥೆಯು ಅಂದಾಜು ಮಾಡಿದೆ. ಇವರಲ್ಲಿ ಅತ್ಯಲ್ಪ ಮಂದಿಗೆ, ಅಂದರೆ ವರ್ಷಕ್ಕೆ ಹತ್ತು ಲಕ್ಷದಲ್ಲಿ ಎರಡರಿಂದ ನಾಲ್ವರಿಗೆ, ಮಿದುಳಿನ ಉರಿಯೂತ ಬರುತ್ತದೆ. ಏಸೈಕ್ಲೋವಿರ್ ಎಂಬ ಔಷಧಿಯಿಂದ ಇವರಲ್ಲಿ ಹೆಚ್ಚಿನವರ ಪ್ರಾಣ ಉಳಿಯುವಂತಾಗಿದೆ. ಆದರೆ ಅದು ಎಚ್ಚೆತ್ತು ವೃದ್ಧಿಯಾಗುತ್ತಿರುವ ವೈರಸ್ಸನ್ನು ತಡೆಯಬಲ್ಲುದೇ ಹೊರತು, ಮಲಗಿರುವುದನ್ನು ಮುಟ್ಟಲಾರದು.

ಮಿದುಳಿನಲ್ಲಿ ಮಲಗಿರುವ ಈ ಅತಿಥಿಯು ಮರಳಿ ಮರಳಿ ಎದ್ದರೆ, ಹಾನಿ ಸದ್ದಿಲ್ಲದೆ ಕೂಡುತ್ತ ಹೋಗುವುದೆ? ೨೦೧೯ರಲ್ಲಿ ಇಟಲಿಯ ಸಂಶೋಧಕರು, ಸೋಂಕುಳ್ಳ ಇಲಿಗಳಲ್ಲಿ ಶಾಖದಿಂದ ವೈರಸ್ಸನ್ನು ಮತ್ತೆ ಮತ್ತೆ ಎಬ್ಬಿಸಿದಾಗ, ಆಲ್ಝೈಮರ್ ಎಂಬ ಮರೆವಿನ ರೋಗದಲ್ಲಿ ಕಾಣುವಂತಹ ಪ್ರೋಟೀನುಗಳು ಮಿದುಳಿನಲ್ಲಿ ಶೇಖರಗೊಂಡುದನ್ನೂ, ಇಲಿಗಳ ನೆನಪಿನ ಶಕ್ತಿ ಕುಗ್ಗಿದುದನ್ನೂ ವರದಿ ಮಾಡಿದರು. ಇಲಿಯಲ್ಲಿ ಕಂಡುದೆಲ್ಲವೂ ಮನುಷ್ಯನಿಗೆ ಅನ್ವಯಿಸುವುದಿಲ್ಲ. ಮನುಷ್ಯರಲ್ಲಿ ಈ ಸಂಬಂಧ ಇನ್ನೂ ವಿವಾದದ ವಿಷಯವಾಗಿದೆ. ಅವಸರದ ತೀರ್ಮಾನ ಇಲ್ಲಿ ಸಲ್ಲದು.

ಇನ್ನೊಂದು ಕಡೆಯಿಂದ ಭರವಸೆಯೂ ಮೂಡಿದೆ. ೨೦೨೦ರಲ್ಲಿ ಅಮೆರಿಕದ ಸಿಯಾಟಲ್ ನಗರದ ಸಂಶೋಧಕರು, ಡಿ.ಎನ್.ಎ.ಯನ್ನು ಗೊತ್ತಾದ ಎಡೆಯಲ್ಲಿ ಕತ್ತರಿಸಬಲ್ಲ ಕಿಣ್ವಗಳನ್ನು ಇಲಿಗಳ ನರಕೋಶಗಳಿಗೆ ಕಳುಹಿಸಿ, ಕತ್ತಿನ ಒಂದು ನರಗಂಟಿನಲ್ಲಿ ಮಲಗಿದ್ದ ವೈರಸ್ಸಿನ ಡಿ.ಎನ್.ಎ.ಯಲ್ಲಿ ಶೇಕಡಾ ೯೦ಕ್ಕೂ ಹೆಚ್ಚನ್ನು ಅಳಿಸಿಹಾಕಿದರು. ಕೆಂಡವು ಹೊತ್ತಿಕೊಂಡ ಮೇಲೆ ನೀರೆರಚುವುದನ್ನಷ್ಟೇ ಇದುವರೆಗೆ ನಾವು ಕಲಿತಿದ್ದೆವು. ಬೂದಿಯ ಕೆಳಗೆ ಇರುವಾಗಲೇ ಅದನ್ನು ನಂದಿಸಬಹುದೆಂದು ಈ ಪ್ರಯೋಗ ತೋರಿಸಿತು. ಇಲಿಯ ನರಗಂಟಿನಿಂದ ಮನುಷ್ಯನ ಮಿದುಳಿನವರೆಗೆ ದಾರಿ ದೂರವಿದೆ. ಆದರೆ ಮೊಲದ ಕಣ್ಣಿನಿಂದ ಇಲ್ಲಿಯವರೆಗೆ ಸವೆಸಿದ ದಾರಿಯೂ ಸಣ್ಣದಲ್ಲ.