ಗ್ರಾಚಾರ! ನಮ್ಮ ಬಾಯಲ್ಲಿರುವ ಆಕಾಶ

ಕೊನೆಯ ಬಸ್ಸು ಕಣ್ಣೆದುರೇ ಹೊರಟುಹೋದರೆ ಗ್ರಾಚಾರ. ಟೊಮೆಟೊ ಕಿತ್ತು ಮಂಡಿಗೆ ಒಯ್ದ ದಿನವೇ ದರ ಬಿದ್ದರೆ ಗ್ರಾಚಾರ. ಮಂಗಳೂರಿನ ಕಡೆಯಾದರೆ ‘ಎಂಥ ಗ್ರಾಚಾರ ಮಾರಾಯ್ರೇ’. ಅಷ್ಟು ಸಲೀಸಾಗಿ ಬಾಯಿಗೆ ಬರುವ ಈ ಮಾತನ್ನು ಒಮ್ಮೆ ಬಿಡಿಸಿ ನೋಡಿ, ಎದೆ ಝಲ್ಲೆನ್ನುತ್ತದೆ! ಗ್ರಹಚಾರ. ಗ್ರಹಗಳ ಚಾರ. ಚಾರವೆಂದರೆ ನಡಿಗೆ, ಸಂಚಾರದಲ್ಲಿ, ಚಾರಣದಲ್ಲಿ ಇರುವುದೂ ಅದೇ. ಕೆಟ್ಟದ್ದು ಎಂಬ ಅರ್ಥ ಇದರೊಳಗೆ ಎಲ್ಲೂ ಇಲ್ಲ. ಇದು ಖಗೋಳಶಾಸ್ತ್ರದ ಪದ!

ಆರನೆಯ ಶತಮಾನದ ವರಾಹಮಿಹಿರನ ‘ಬೃಹತ್ಸಂಹಿತೆ’ಯ ಅಧ್ಯಾಯಗಳ ಹೆಸರು ಓದುತ್ತ ಹೋಗಿ: ಆದಿತ್ಯಚಾರ, ಚಂದ್ರಚಾರ, ರಾಹುಚಾರ, ಬುಧಚಾರ, ಶುಕ್ರಚಾರ, ಶನೈಶ್ಚರಚಾರ. ಸಾಲುಸಾಲು ಚಾರಗಳು! ಮಳೆ, ಬೆಳೆ, ಅರಸರ ಮೇಲೆ ಆ ನಡಿಗೆಯ ಫಲವೇನು ಎಂಬುದನ್ನೂ ಅವನು ಹೇಳುತ್ತಾನೆ, ನಿಜ. ಆದರೆ ಕೇರಳದ ಹರಿದತ್ತ ಕ್ರಿ.ಶ. 683ರ ಸುಮಾರಿಗೆ ಬರೆದ ‘ಗ್ರಹಚಾರನಿಬಂಧನ’ದಲ್ಲಿ ಯಾರ ಗೋಳೂ ಇಲ್ಲ, ಬರೀ ಗಣಿತ. ಯಾವ ದಿನ ಯಾವ ಗ್ರಹ ಎಲ್ಲಿರುತ್ತದೆ ಎಂದು ಕಂಡುಕೊಳ್ಳುವ ಲೆಕ್ಕ. ಪರಹಿತ ಎಂಬ ಗಣಿತ ಪದ್ಧತಿಗೆ ಬುನಾದಿಯಾದ ಆ ಗ್ರಂಥದ ಹೆಸರನ್ನೇ ನಾವು ಬಸ್‌ಸ್ಟ್ಯಾಂಡಿನಲ್ಲಿ ನಿಂತು, ಹಣೆಗೆ ಕೈ ಹಚ್ಚಿಕೊಂಡು ಹೇಳುತ್ತಿದ್ದೇವೆ!

ಇಷ್ಟು ಕಂಡ ಮೇಲೆ ಸುಮ್ಮನಿರಲು ಮನಸ್ಸಾದರೂ ಹೇಗೆ ಬಂದೀತು? ಗ್ರಾಚಾರದ ಬಳಗದ ಉಳಿದ ಮಾತುಗಳನ್ನೂ ಕೆದಕಿದೆ. ಮೊದಲು ಸಿಕ್ಕಿದ್ದು ಶನಿ.

ಹಳೇ ಮೈಸೂರಿನ ಕಡೆ ‘ಏಳರಾಟ ಶನಿ’, ಉತ್ತರ ಕರ್ನಾಟಕದಲ್ಲಿ ‘ಸಾಡೇಸಾತಿ’. ಶನಿಮಹಾತ್ಮೆಯ ಕಥೆ ಕೇಳಿದವರಿಗೆ ಗೊತ್ತು, ವಿಕ್ರಮಾದಿತ್ಯನಂಥ ರಾಜ ಕೈಕಾಲು ಕಡಿಸಿಕೊಂಡು ಗಾಣದ ಮೇಲೆ ಕೂತದ್ದು ಇದೇ ಏಳೂವರೆ ವರ್ಷದ ಕಾಟದಲ್ಲಿ. ಅದೇಕೆ ಏಳೂವರೆ? ಹತ್ತಲ್ಲ, ಐದಲ್ಲ, ಸರಿಯಾಗಿ ಏಳೂವರೆ ಏಕೆ? ಜಾತಕ ಬಲ್ಲವರು ಹೇಳುತ್ತಾರೆ: ನಿಮ್ಮ ಜನ್ಮರಾಶಿ, ಅದರ ಹಿಂದಿನದು, ಮುಂದಿನದು, ಈ ಮೂರು ರಾಶಿಗಳನ್ನು ಶನಿ ದಾಟುವಷ್ಟು ಕಾಲ. ಸರಿ, ಲೆಕ್ಕ ಹಾಕೋಣ. ಶನಿಗೆ ಸೂರ್ಯನನ್ನು ಒಂದು ಸುತ್ತು ಬರಲು ಸುಮಾರು 29.46 ವರ್ಷ ಬೇಕು. ಹನ್ನೆರಡು ರಾಶಿಗೆ ಹಂಚಿದರೆ ರಾಶಿಯೊಂದಕ್ಕೆ ಹತ್ತಿರ ಹತ್ತಿರ ಎರಡೂವರೆ ವರ್ಷ. ಮೂರು ರಾಶಿಗೆ? ಏಳೂವರೆಯ ಆಸುಪಾಸು! ಸೂರ್ಯನ ಸುತ್ತ ಶನಿಯ ಪೂರ್ತಿ ಸುತ್ತಿನ ಕಾಲು ಭಾಗವನ್ನು ನಮ್ಮ ಅಜ್ಜಿಯರು ಒಂದು ಬೈಗುಳದಲ್ಲಿ ಕಟ್ಟಿಟ್ಟುಕೊಂಡಿದ್ದರು.

ಆ ಅಳತೆ ಎಷ್ಟು ಹಳೆಯದು ಗೊತ್ತೇ? ಕ್ರಿ.ಶ. 499ರ ಕಾಲದ ‘ಆರ್ಯಭಟೀಯ’ದಲ್ಲಿ ಆರ್ಯಭಟ, 43,20,000 ವರ್ಷಗಳ ಒಂದು ಮಹಾಯುಗದಲ್ಲಿ ಶನಿ 1,46,564 ಸುತ್ತು ಬರುತ್ತದೆ ಎನ್ನುತ್ತಾನೆ. ಭಾಗಿಸಿ ನೋಡಿ: 29.47 ವರ್ಷ ಚಿಲ್ಲರೆ! ದೂರದರ್ಶಕ ಹುಟ್ಟುವುದಕ್ಕೆ ಸಾವಿರ ವರ್ಷಕ್ಕೂ ಹಿಂದೆ, ಬರಿಗಣ್ಣಿನ ಕಾಲದಲ್ಲಿ! ಶನೈಶ್ಚರ ಎಂದರೆ ಮೆಲ್ಲಗೆ ನಡೆಯುವವನು ಎಂದೇ ಅರ್ಥ. ಆ ನಿಧಾನದ ಗ್ರಹ ಒಂದು ಸುತ್ತು ಮುಗಿಸುವಷ್ಟರಲ್ಲಿ ನೋಡುತ್ತ ಕೂತವನ ತಲೆಗೂದಲು ನರೆತಿರುತ್ತದೆ.

ಮದುವೆಯ ಮಾತು ಬಂದಾಗಲೆಲ್ಲ ಕೇಳುವ ‘ಗುರುಬಲ ಬಂತಾ?’ ಎಂಬುದರ ಹಿಂದೆ ಇರುವುದು ವರ್ಷಕ್ಕೊಂದು ರಾಶಿಯಂತೆ, ಸುಮಾರು ಹನ್ನೆರಡು ವರ್ಷಕ್ಕೆ ಸುತ್ತು ಮುಗಿಸುವ ಗುರುವಿನ ಓಟ. ತುಲಾ ರಾಶಿಗೆ ಗುರು ಬಂದ 2017ರಲ್ಲಿ ಕಾವೇರಿಗೆ ಪುಷ್ಕರ ಎಂಬ ನದಿಹಬ್ಬ ನಡೆದದ್ದೂ ಅದೇ ಓಟದ ಲೆಕ್ಕದಲ್ಲಿ. ‘ಅವನಿಗೆ ಶುಕ್ರದೆಸೆ ತಿರುಗಿತು’ ಅನ್ನುತ್ತೇವಲ್ಲ, ಗ್ರಹಗಳಿಗೆ ದೆಸೆಗಳನ್ನು ಹಂಚುವ ವಿಂಶೋತ್ತರಿ ಪದ್ಧತಿಯ 120 ವರ್ಷಗಳಲ್ಲಿ ಅತಿ ದೀರ್ಘ ದೆಸೆ ಶುಕ್ರನದೇ, 20 ವರ್ಷ. ಒಳ್ಳೆಯ ಕಾಲಕ್ಕೆ ಜನ ಆರಿಸಿಕೊಂಡದ್ದು ಎಲ್ಲಕ್ಕಿಂತ ಉದ್ದದ್ದನ್ನೇ!

ಆದರೆ ನನ್ನನ್ನು ಕುಣಿಸಿದ್ದು ಇನ್ನೊಂದು. ಗ್ರಹ ಎಂಬ ಮಾತಿನ ಮೂಲಾರ್ಥ ಹಿಡಿಯುವುದು. ಗ್ರಹಣ, ಗ್ರಹಿಸು ಎಲ್ಲ ಅದರ ನಂಟರೇ. ಕನ್ನಡದಲ್ಲಿ ಶನಿ ಏನು ಮಾಡುತ್ತದೆ? ಹಿಡಿಯುತ್ತದೆ. ಗ್ರಹಣವೂ ಹಿಡಿಯುತ್ತದೆ. ಗ್ರಹದ ತದ್ಭವ ಗರ, ಅದಕ್ಕೇ ಬೆಪ್ಪಾಗಿ ನಿಂತವನು ‘ಗರ ಬಡಿದವನ ಹಾಗೆ’ ನಿಂತಿರುತ್ತಾನೆ. ಈಗ ಸೌಟು ಹಿಡಿದು ಅಂಗಳಕ್ಕೆ ಬಂದ ತಾಯಿಯ ಮಾತು ಕೇಳಿ: ‘ತಾಳು, ಇವತ್ತು ನಿನ್ನ ಗ್ರಾಚಾರ ಬಿಡಿಸ್ತೀನಿ!’ ಹಿಡಿದದ್ದನ್ನು ಬಿಡಿಸುವುದು! ಎಳ್ಳುಬತ್ತಿ ಹಚ್ಚಿ, ನವಗ್ರಹ ಸುತ್ತಿ ಬೇಡಿಕೊಳ್ಳುವುದನ್ನು ಆಕೆ ಎರಡೇಟಿನಲ್ಲಿ ಮುಗಿಸುತ್ತೇನೆ ಎನ್ನುತ್ತಿದ್ದಾಳೆ. ಒಂದೇ ಪದ ನರಳಾಟವೂ ಆಗಿ, ಬೆದರಿಕೆಯೂ ಆಗಿ, ಎರಡೂ ಕಡೆ ತನ್ನ ಬೇರನ್ನು ಬಿಡದೆ ಬದುಕಿದೆಯಲ್ಲ!

ಶನಿಗೂ ನಮ್ಮ ಸೋಲಿಗೂ ನಂಟಿದೆ ಎಂದು ನಾನು ನಂಬುವುದಿಲ್ಲ. ಆದರೂ ಈ ಪದದ ಒಳ್ಳೆಯತನವನ್ನು ಮನಸಾರೆ ನಂಬುತ್ತೇನೆ. ಹಣೆಬರಹ ಎಂದರೆ ಬರೆದದ್ದು, ಅಳಿಸಲಾಗದ್ದು. ಅದೃಷ್ಟವೆಂದರೆ ಹೆಸರೇ ಹೇಳುವಂತೆ ಕಾಣದ್ದು. ಗ್ರಹಚಾರ ಮಾತ್ರ ಕಣ್ಣಿಗೆ ಕಾಣುತ್ತದೆ, ನಡೆಯುತ್ತದೆ, ನಡೆಯುವುದರಿಂದಲೇ ಕಳೆಯುತ್ತದೆ. ‘ಗ್ರಾಚಾರ ಕಳೀತು ಬಿಡು’ ಎಂದು ಆಸ್ಪತ್ರೆಯಿಂದ ಮನೆಗೆ ಬಂದವರ ಬೆನ್ನು ಸವರುತ್ತಾರಲ್ಲ, ‘ಹಣೆಬರಹ ಕಳೀತು’ ಎಂದು ಯಾರಾದರೂ ಹೇಳಿದ್ದನ್ನು ಕೇಳಿದ್ದೀರಾ? ವಿಧಿಯನ್ನು ಕುರಿತ ಇಷ್ಟೊಂದು ಮಾತುಗಳ ನಡುವೆ, ಮುಗಿಯುವ ದಿನವನ್ನು ಪಂಚಾಂಗದಲ್ಲಿ ಬೆರಳಿಟ್ಟು ತೋರಿಸಬಹುದಾದದ್ದು ಇದು.

ದೃಕ್ ಗಣಿತದ ಪಂಚಾಂಗದಂತೆ ಶನಿ ಮೀನಕ್ಕೆ ಬಂದದ್ದು 2025ರ ಮಾರ್ಚ್ 29ರಂದು. ಅಲ್ಲಿರುವಷ್ಟು ಕಾಲ ಕುಂಭ, ಮೀನ, ಮೇಷದವರಿಗೆ ಏಳರಾಟ. ಮೇಷಕ್ಕೆ ದಾಟಿದ ಮೇಲೆ ಕುಂಭದವರಿಗೆ ಬಿಡುಗಡೆ. ನಡುವೆ ಶನಿ ವಕ್ರವಾಗಿ ಹಿಂದಕ್ಕೂ ಸರಿಯುತ್ತದೆ. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷಿಯಲ್ಲಿ ಎನ್ನುವ ಹಾಗೆ! ನಿಜಕ್ಕೂ ಅದು ಹಿಂದೆ ಸರಿಯುವುದಿಲ್ಲ. ಒಳಸುತ್ತಿನಲ್ಲಿ ವೇಗವಾಗಿ ಓಡುವ ನಮ್ಮ ಭೂಮಿ ಅದನ್ನು ದಾಟುವಾಗ, ಓಡುವ ರೈಲಿನಿಂದ ಕಾಣುವ ನಿಧಾನದ ರೈಲಿನಂತೆ, ಶನಿ ಹಿಂದಕ್ಕೆ ಹೋದಂತೆ ತೋರುತ್ತದೆ. ಪಕ್ಕದ ನಕ್ಷತ್ರಗಳ ಗುರುತು ಇಟ್ಟುಕೊಂಡು ಕೆಲವು ತಿಂಗಳು ಮಹಡಿಯ ಮೇಲೆ ನಿಂತು ನೋಡಿದರೆ ಈ ಹಿಂದುಮುಂದಿನ ನಡಿಗೆ ಬರಿಗಣ್ಣಿಗೇ ಸಿಗುತ್ತದೆ. ಏಳರಾಟ ನಡೆಯುತ್ತಿರುವವರು ಮೊದಲು ನೋಡಲಿ.