ತಟ್ಟೆಯಲ್ಲಿ ಬೆಳೆಯಲೊಲ್ಲದ ಕೋಳಿ ರೋಗಾಣು

ಚನ್ನಗಿರಿ ತಾಲ್ಲೂಕಿನ ಕೆರೆಬಿಳಚಿಯಲ್ಲಿ ರೈತರೊಬ್ಬರು ಮೊಟ್ಟೆಕೋಳಿ ಸಾಕಿದ್ದಾರೆ ಎಂದುಕೊಳ್ಳೋಣ. ಒಂದು ಬೆಳಗ್ಗೆ ಕೆಲವು ಕೋಳಿಗಳ ಮುಖ ಊದಿದೆ, ಮೂಗಿನಿಂದ ಸಿಂಬಳ ಸುರಿಯುತ್ತಿದೆ. ಕೆಲವೇ ದಿನಗಳಲ್ಲಿ ಅದು ಶೆಡ್ಡಿನ ತುಂಬ ಹರಡಿ ಮೊಟ್ಟೆಯ ಸಂಖ್ಯೆ ಇಳಿಯುತ್ತದೆ. ಸಿಂಬಳದ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿದರೆ ಬರುವ ವರದಿ: 'ರೋಗಾಣು ಬೆಳೆಯಲಿಲ್ಲ'. ಹಾಗಾದರೆ ರೋಗಾಣು ಇರಲೇ ಇಲ್ಲವೆ?

ಇದ್ದಿರಬಹುದು. ಈ ಲಕ್ಷಣಗಳನ್ನು ತೋರುವ ರೋಗಗಳಲ್ಲಿ ಒಂದು ಸಾಂಕ್ರಾಮಿಕ ಕೊರೈಜಾ, ಅಂದರೆ ಕೋಳಿಗಳ ನೆಗಡಿ. ಇದಕ್ಕೆ ಕಾರಣ ಏವಿಬ್ಯಾಕ್ಟೀರಿಯಂ ಪ್ಯಾರಾಗ್ಯಾಲಿನೇರಂ ಎಂಬ ಬ್ಯಾಕ್ಟೀರಿಯ. 2005ರವರೆಗೆ ಇದನ್ನು ಹೀಮೋಫಿಲಸ್ ಕುಲಕ್ಕೆ ಸೇರಿಸಲಾಗಿತ್ತು. ಸಾಮಾನ್ಯ ಅಗಾರ್ ತಟ್ಟೆಯಲ್ಲಿ ಇದು ಬೆಳೆಯುವುದಿಲ್ಲ.

ಕೊರತೆ ಎಲ್ಲಿದೆ?

ಪ್ರತಿಯೊಂದು ಜೀವಕೋಶಕ್ಕೂ ಎನ್‌ಎಡಿ ಎಂಬ ಸಹಕಿಣ್ವ ಬೇಕು. ಆಹಾರದಿಂದ ಶಕ್ತಿ ಪಡೆಯುವ ಕ್ರಿಯೆಗಳಲ್ಲಿ ಅದು ಎಲೆಕ್ಟ್ರಾನುಗಳನ್ನು ಸಾಗಿಸುತ್ತದೆ. ಹೆಚ್ಚಿನ ಬ್ಯಾಕ್ಟೀರಿಯಗಳು ಅದನ್ನು ತಾವೇ ತಯಾರಿಸಿಕೊಳ್ಳುತ್ತವೆ. ಕೊರೈಜಾ ರೋಗಾಣುವಿನ ಬಹುಪಾಲು ತಳಿಗಳಿಗೆ ಈ ಸಾಮರ್ಥ್ಯವಿಲ್ಲ; ಕೋಳಿಯ ದೇಹದಿಂದಲೇ ಪಡೆಯಬೇಕು. ಕುರಿಯ ರಕ್ತ ಬೆರೆಸಿದ ಅಗಾರ್ ಕೂಡ ಸಾಲದು. ಎನ್‌ಎಡಿ ಕೆಂಪು ರಕ್ತಕಣಗಳ ಒಳಗಿರುತ್ತದೆ. ಹೊರಬಂದುದನ್ನು ಆ ರಕ್ತದಲ್ಲಿರುವ ಕಿಣ್ವವೇ ನಾಶಮಾಡುತ್ತದೆ.

ಇದಕ್ಕೆ ಎರಡು ಉಪಾಯಗಳಿವೆ. ರಕ್ತವನ್ನು ಹದವಾಗಿ ಬಿಸಿಮಾಡಿದರೆ ಕಣಗಳು ಒಡೆದು ಎನ್‌ಎಡಿ ಹೊರಬರುತ್ತದೆ, ಕಿಣ್ವವೂ ನಿಷ್ಕ್ರಿಯವಾಗುತ್ತದೆ. ಬಣ್ಣದಿಂದಾಗಿ ಇದಕ್ಕೆ ಚಾಕೊಲೇಟ್ ಅಗಾರ್ ಎಂದೇ ಹೆಸರು. ಇನ್ನೊಂದು ಉಪಾಯ 'ದಾದಿ'ಯನ್ನು ನೇಮಿಸುವುದು! ರಕ್ತ ಅಗಾರ್ ಮೇಲೆ ಮಾದರಿಯನ್ನು ಹರಡಿ, ಅಡ್ಡಲಾಗಿ ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯದ ಒಂದು ಗೆರೆ ಎಳೆಯುತ್ತಾರೆ. ಅದು ಎನ್‌ಎಡಿಯನ್ನು ಸುತ್ತಲೂ ಬಿಡುತ್ತದೆ. 37 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಶೇ. 5ರಷ್ಟು ಇಂಗಾಲದ ಡೈಆಕ್ಸೈಡ್ ಇರುವ ಗಾಳಿಯಲ್ಲಿ ಇಟ್ಟರೆ, 24ರಿಂದ 48 ಗಂಟೆಗಳಲ್ಲಿ ಆ ಗೆರೆಯ ಅಕ್ಕಪಕ್ಕದಲ್ಲಿ ಮಾತ್ರ ಇಬ್ಬನಿಯ ಹನಿಗಳಂಥ ಪುಟ್ಟ ಕಾಲೊನಿಗಳು ಮೂಡುತ್ತವೆ. ಗೆರೆಯಿಂದ ದೂರದಲ್ಲಿ ಏನೂ ಇಲ್ಲ. ಇದೇ 'ಉಪಗ್ರಹ ಬೆಳವಣಿಗೆ'. ವಿಶೇಷ ಉಪಕರಣವಿಲ್ಲದೆಡೆ ಮುಚ್ಚಿದ ಜಾಡಿಯೊಳಗೆ ಮೇಣದ ಬತ್ತಿ ಉರಿಸಿಯೂ ಇಂಗಾಲದ ಡೈಆಕ್ಸೈಡ್ ಪ್ರಮಾಣವನ್ನು ಏರಿಸಬಹುದು.

ದಾರಿಯಲ್ಲೇ ಸಾವು

ಮಾಧ್ಯಮ ಸರಿಯಿದ್ದರೂ ಮಾದರಿ ಕೆಟ್ಟಿದ್ದರೆ ಫಲವಿಲ್ಲ. ಕೋಳಿಯ ದೇಹದ ಹೊರಗೆ ಈ ರೋಗಾಣು ಬೇಗ ಸಾಯುತ್ತದೆ. ಕೆರೆಬಿಳಚಿಯಿಂದ ಬೆಂಗಳೂರಿನ ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಸಂಸ್ಥೆಗೆ 200 ಕಿ.ಮೀ.ಗೂ ಹೆಚ್ಚು ದೂರ. ಆದ್ದರಿಂದ ಮಾದರಿಯನ್ನು ಮಂಜುಗಡ್ಡೆಯ ಮೇಲಿಟ್ಟು ತಡಮಾಡದೆ ಸಾಗಿಸಬೇಕು. ಹೊರಗಿನ ಸಿಂಬಳದಲ್ಲಿ ಬೇರೆ ಬ್ಯಾಕ್ಟೀರಿಯಗಳು ತುಂಬಿದ್ದು, ತಟ್ಟೆಯಲ್ಲಿ ಅವೇ ಮೊದಲು ಹಬ್ಬುತ್ತವೆ. ಹಾಗಾಗಿ ರೋಗ ಹೊಸದಾಗಿ ತಗುಲಿದ, ಔಷಧಿ ಕೊಡದ ಎರಡು ಮೂರು ಕೋಳಿಗಳನ್ನು ಆರಿಸಿ, ಪಶುವೈದ್ಯರು ಕಣ್ಣಿನ ಕೆಳಗಿನ ಸೈನಸ್ಸಿನ ಒಳಗಿನಿಂದ ಮಾದರಿ ತೆಗೆಯುತ್ತಾರೆ.

ಬೆಳೆಸುವುದೇಕೆ?

ಪಿಸಿಆರ್ ಪರೀಕ್ಷೆ ಡಿಎನ್‌ಎ ಗುರುತಿಸಿ ಕೆಲವೇ ಗಂಟೆಗಳಲ್ಲಿ ರೋಗಾಣುವಿನ ಹೆಸರು ಹೇಳಬಲ್ಲದು. ಸತ್ತ ಜೀವಕೋಶವೂ ಅದಕ್ಕೆ ಸಾಕು. ಆದರೆ ಯಾವ ಔಷಧಿಗೆ ಈ ತಳಿ ಬಗ್ಗುತ್ತದೆ ಎಂದು ಒರೆಹಚ್ಚಲು ಜೀವಂತ ಬ್ಯಾಕ್ಟೀರಿಯವೇ ಬೇಕು. ಲಸಿಕೆಯ ಮಾತೂ ಇದೆ. 1962ರಲ್ಲಿ ಪೇಜ್ ಎಂಬ ವಿಜ್ಞಾನಿ ಈ ರೋಗಾಣುವಿನಲ್ಲಿ ಎ, ಬಿ, ಸಿ ಎಂಬ ಮೂರು ಬಗೆಗಳನ್ನು ಗುರುತಿಸಿದರು. ಒಂದರ ವಿರುದ್ಧದ ಲಸಿಕೆ ಇನ್ನೊಂದರಿಂದ ರಕ್ಷಿಸುವುದಿಲ್ಲ. ಬಗೆ ತಿಳಿಯದೆ ಹಾಕಿದ ಲಸಿಕೆಗೆ ರೈತರ ಹಣ ವ್ಯರ್ಥವಾಗಬಹುದು.

ಆದ್ದರಿಂದ 'ಬೆಳೆಯಲಿಲ್ಲ' ಎಂಬುದನ್ನು 'ಇಲ್ಲ' ಎಂದು ಓದಬಾರದು. ಯಾವ ಮಾಧ್ಯಮದಲ್ಲಿ, ಎಂಥ ಮಾದರಿಯಿಂದ, ಎಷ್ಟು ಹೊತ್ತಿನ ನಂತರ ಎಂದು ಕೇಳಿದ ಮೇಲೆಯೇ ಆ ವರದಿಗೆ ಅರ್ಥ ಬರುತ್ತದೆ.